ಕೈಕುಲುಕುವ ಚೀಟಿ ಇಲ್ಲದ ದ್ವೀಪಕ್ಕೆ

ಜಪಾನಿನ ಐಡಲ್ ಹಾಡುಗಳ ಬಗ್ಗೆ ಇಲ್ಲಿ ಎರಡು ಮಾತು ಬರೆದಾಗಲೆಲ್ಲ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ: ನಿರ್ಜನ ದ್ವೀಪಕ್ಕೆ ಹೋಗಬೇಕಾಗಿ ಬಂದರೆ ನೀವು ಯಾವ ಆಲ್ಬಂಗಳನ್ನು ಒಯ್ಯುತ್ತೀರಿ? ಕೇಳುವವರಲ್ಲಿ ಹೆಚ್ಚಿನವರು ಅನಿಮೆ ನೋಡುತ್ತ ಬೆಳೆದ ಕಾಲೇಜು ಮಕ್ಕಳು. ಇನ್ನು ಕೆಲವರು ಅವರ ಅಪ್ಪ ಅಮ್ಮಂದಿರು. ಮಕ್ಕಳು ದಿನವಿಡೀ ಕೇಳುವ ಈ ಹಾಡುಗಳಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಆಸೆ ಅವರದು. ಹೆಸರುಗಳನ್ನು ಹೇಳಿಬಿಡುವುದು ಸುಲಭ. ಅದಕ್ಕೂ ಮೊದಲು ಆ ದ್ವೀಪದ ಬಗ್ಗೆ ಒಂದಿಷ್ಟು ಹೇಳಬೇಕು. ಐಡಲ್ ಸಂಗೀತಕ್ಕೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಈ ಪ್ರಶ್ನೆ ಹುಟ್ಟಿದ್ದು ಬಿಬಿಸಿ ರೇಡಿಯೊದಲ್ಲಿ. 1942ರ ಜನವರಿಯಲ್ಲಿ, ಮಹಾಯುದ್ಧದ ನಡುವೆ, ರಾಯ್ ಪ್ಲಮ್ಲಿ ಎಂಬವರು ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಬಂದ ಅತಿಥಿ ಎಂಟು ಧ್ವನಿಮುದ್ರಿಕೆಗಳನ್ನು ಆರಿಸಿ, ಅವು ಯಾಕೆ ಬೇಕು ಎಂದು ಹೇಳಬೇಕು. ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ. ಶಾಸ್ತ್ರೀಯ ಸಂಗೀತವನ್ನೋ ಜಾಝನ್ನೋ ಹಚ್ಚಿಕೊಂಡವರಿಗೆ ಈ ಆಯ್ಕೆಯಲ್ಲಿ ಅಂಥ ಸಂಕಟವಿಲ್ಲ. ದ್ವೀಪದಲ್ಲೂ ಆ ಸಂಗೀತ ಹಾಗೇ ಇರುತ್ತದೆ. ಐಡಲ್ ಸಂಗೀತದ ಕಥೆ ಬೇರೆ.

ಐಡಲ್ ಎಂದರೆ ಬರೀ ಗಾಯಕಿಯಲ್ಲ. ಹಾಡಬೇಕು, ಕುಣಿಯಬೇಕು, ಟೀವಿಯಲ್ಲಿ ಮಾತಾಡಬೇಕು, ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬೇಕು. ಹೆಚ್ಚಿನವರು ಹದಿಹರೆಯದಲ್ಲೇ ಬರುತ್ತಾರೆ. ಬರುವಾಗ ಕಂಠ ಪಳಗಿರಬೇಕೆಂದೇನೂ ಇಲ್ಲ. ಅಭಿಮಾನಿಗಳ ಕಣ್ಣೆದುರೇ ಕಲಿಯುತ್ತ ಬೆಳೆಯುವುದೇ ಇದರ ಆಕರ್ಷಣೆ. ಗುಂಪು ಬಿಡುವ ದಿನ ವಿದ್ಯಾಭ್ಯಾಸ ಮುಗಿಸಿದವರಂತೆ ಬೀಳ್ಕೊಡುಗೆಯ ಕಛೇರಿ ನಡೆಯುತ್ತದೆ. 1970ರ ದಶಕದಲ್ಲಿ ಟೀವಿ ಈ ಐಡಲ್ ಪದ್ಧತಿಯನ್ನು ಬೆಳೆಸಿತು. 1971ರಿಂದ 1983ರವರೆಗೆ ನಡೆದ ‘ಸ್ಟಾರ್ ತಂಜೋ’ ಕಾರ್ಯಕ್ರಮದಲ್ಲಿ ಹುಡುಗಿಯರು ಹಾಡಿ ಮುಗಿಸಿದ ಮೇಲೆ ಕಂಪನಿಗಳ ಪ್ರತಿನಿಧಿಗಳು ತಮ್ಮ ತಮ್ಮ ಹೆಸರಿನ ಫಲಕ ಎತ್ತುತ್ತಿದ್ದರು. ಫಲಕ ಎದ್ದರೆ ಬದುಕು ಬದಲಾದಂತೆ. ಅಲ್ಲಿಂದ ಬಂದ ಮೊಮೊಏ ಯಮಗುಚಿ 1980ರ ಅಕ್ಟೋಬರಿನಲ್ಲಿ ಟೋಕಿಯೊದ ಬುಡೋಕಾನ್ ಸಭಾಂಗಣದಲ್ಲಿ ಕೊನೆಯ ಹಾಡು ಮುಗಿಸಿ, ಮೈಕನ್ನು ವೇದಿಕೆಯ ನೆಲದ ಮೇಲೆ ಇಟ್ಟು ನಡೆದರು. ಆಗ ಅವರಿಗೆ 21 ವರ್ಷ. ಮತ್ತೆಂದೂ ಹಾಡಲು ಬರಲಿಲ್ಲ.

ಹೊಸ ಶತಮಾನದಲ್ಲಿ ಲೆಕ್ಕಾಚಾರ ಬದಲಾಯಿತು. 2005ರ ಡಿಸೆಂಬರಿನಲ್ಲಿ ಯಸುಶಿ ಅಕಿಮೊತೊ ಅವರು ಟೋಕಿಯೊದ ಅಕಿಹಬರಾದಲ್ಲಿ 250 ಜನ ಹಿಡಿಸುವ ಪುಟ್ಟ ರಂಗಮಂದಿರ ತೆರೆದು ಎಕೆಬಿ48 ಗುಂಪನ್ನು ಕಟ್ಟಿದರು. ಟೀವಿಯಲ್ಲಿ ದೂರದಿಂದ ನೋಡುವ ಐಡಲ್ ಬೇಡ, ಹೋಗಿ ಭೇಟಿಯಾಗುವ ಐಡಲ್ ಬೇಕು ಎಂಬುದು ಅವರ ಯೋಚನೆ. ಸಿಡಿಯ ಜೊತೆಗೆ ಕೈಕುಲುಕುವ ಚೀಟಿ ಬಂತು. ಒಂದು ಚೀಟಿಗೆ ಕೆಲವೇ ಸೆಕೆಂಡುಗಳ ಭೇಟಿ. 2009ರಿಂದ 2018ರವರೆಗೆ ವರ್ಷವರ್ಷವೂ ಚುನಾವಣೆ ನಡೆಯಿತು. ಸಿಡಿಯೊಳಗೆ ಮತದ ಸಂಖ್ಯೆ ಇರುತ್ತಿತ್ತು, ಯಾರು ಮುಂದಿನ ಸಾಲಿನಲ್ಲಿ ನಿಂತು ಹಾಡಬೇಕೆಂದು ಮತ ತೀರ್ಮಾನಿಸುತ್ತಿತ್ತು. ಒಬ್ಬೊಬ್ಬ ಅಭಿಮಾನಿ ಒಂದೇ ಸಿಡಿಯ ನೂರಾರು ಪ್ರತಿ ಕೊಂಡದ್ದುಂಟು. 2017ರಲ್ಲಿ ಫುಕುವೊಕಾ ಪ್ರಾಂತ್ಯದಲ್ಲಿ ಒಬ್ಬಾತ 585 ಸಿಡಿಗಳನ್ನು ಗುಡ್ಡದಲ್ಲಿ ಎಸೆದು ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವನಿಗೆ ಬೇಕಾಗಿದ್ದದ್ದು ಒಳಗಿನ ಕಾಗದ. ಹಾಡು ಕಸವಾಗಿತ್ತು.

ಆ ಸುದ್ದಿ ಓದಿದ ಮೇಲೆ ದ್ವೀಪದ ಪ್ರಶ್ನೆ ನನಗೆ ಬರೀ ಆಟವಾಗಿ ಉಳಿದಿಲ್ಲ. ದ್ವೀಪದಲ್ಲಿ ಕೈಕುಲುಕಲು ಯಾರೂ ಇರುವುದಿಲ್ಲ. ಮತ ಹಾಕುವ ಪೆಟ್ಟಿಗೆಯಿಲ್ಲ, ರಂಗಮಂದಿರವಿಲ್ಲ, ಬಣ್ಣದ ದೀಪ ಬೀಸುವ ಜನಸಂದಣಿಯಿಲ್ಲ. ಮುಖವೂ ಇಲ್ಲ. ಅದೆಲ್ಲವನ್ನೂ ಕಳೆದ ಮೇಲೆ ಹಾಡು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅದನ್ನು ಪೆಟ್ಟಿಗೆಗೆ ಹಾಕಿಕೊಳ್ಳಬಹುದು.

ಈ ತೀರ್ಪು ಕೊಡಲು ನಮ್ಮ ಟಿಟ್ವಾಳಾದಂಥ ಊರಿನ ಕೇಳುಗರೇ ಯೋಗ್ಯರು ಎನ್ನುತ್ತೇನೆ. ಅಕಿಹಬರಾದ ಟಿಕೆಟು ನಮ್ಮ ಕೈಗೆ ಎಟಕುವಂಥದ್ದಲ್ಲ. ನಮಗೆ ದಕ್ಕುವುದು ಹಾಡು ಮಾತ್ರ. ಇಲ್ಲಿಂದಲೇ ಹೊರಡುವ ಲೋಕಲಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದರೆ ಸಿಎಸ್‌ಎಂಟಿ ಮುಟ್ಟಲು ಒಂದೂವರೆ ತಾಸಿನ ಮೇಲೆ ಬೇಕು. ಅಂಬಿವಲಿ, ಶಹಾಡ್ ದಾಟಿ ಕಲ್ಯಾಣದಲ್ಲಿ ಜನ ನುಗ್ಗಿದ ಮೇಲೆ ಕೈ ಎತ್ತಿ ಫೋನು ನೋಡುವುದೂ ಕಷ್ಟ. ಹಾಡು ಬದಲಿಸಲಾಗುವುದಿಲ್ಲ. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಆಲ್ಬಂ ಹೇಗಿದೆಯೋ ಹಾಗೆ ಕೇಳಬೇಕು. ಹತ್ತು ಹಾಡುಗಳಲ್ಲಿ ಏಳನೆಯದು ಸಪ್ಪೆಯಾಗಿದ್ದರೆ ಠಾಣೆ, ಮುಲುಂಡ್ ಬರುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ. ನನ್ನ ಆಯ್ಕೆಗಳೆಲ್ಲ ಆ ಡಬ್ಬಿಯಲ್ಲೇ ಆದದ್ದು.

ಮುಂಬಯಿಗೂ ಈ ಐಡಲ್ ವ್ಯವಸ್ಥೆ ಬರಬೇಕಾಗಿತ್ತು ಎಂಬುದು ಇಲ್ಲಿ ಹಲವರಿಗೆ ತಿಳಿದಿಲ್ಲ. ಎಕೆಬಿ48ರ ತಂಗಿ ಗುಂಪುಗಳಾಗಿ 2011ರಲ್ಲಿ ಜಕಾರ್ತಾದ ಜೆಕೆಟಿ48, 2017ರಲ್ಲಿ ಬ್ಯಾಂಕಾಕಿನ ಬಿಎನ್‌ಕೆ48 ರಂಗಕ್ಕೆ ಬಂದವು; ಎಕೆಬಿ48ರ ‘ಕೊಯಿಸುರು ಫಾರ್ಚೂನ್ ಕುಕೀ’ ಹಾಡಿನ ಥಾಯ್ ರೂಪವನ್ನು ಬ್ಯಾಂಕಾಕಿನಲ್ಲಿ ಬೀದಿಬೀದಿಯಲ್ಲಿ ಕುಣಿದರು. ಅದೇ ಹೊತ್ತಿಗೆ ಮುಂಬಯಿಗೆ ಎಂಯುಎಂ48 ಎಂಬ ತಂಗಿ ಗುಂಪು ಬರಲಿದೆ ಎಂದು ಘೋಷಣೆಯಾಯಿತು. ರಂಗಮಂದಿರ ತೆರೆಯಲೇ ಇಲ್ಲ. ಆ ಸುದ್ದಿ ಬಂದಾಗ ಕಲ್ಯಾಣದಲ್ಲಿರುವ ನನ್ನ ತಂಗಿಯ ಮಗಳು ಓಡಿಬಂದು, “ಮಾವ, ಆಡಿಷನ್‌ಗೆ ಹಿಂದಿ ಸಾಕಾ, ಜಪಾನಿ ಕಲೀಬೇಕಾ?” ಎಂದು ಕೇಳಿದ್ದಳು. ಅವಳು ಈಗ ಬೇರೆ ಕೆಲಸದಲ್ಲಿದ್ದಾಳೆ, ಹಾಡುಗಳನ್ನು ಬಿಟ್ಟಿಲ್ಲ. ಆ ಗುಂಪು ಬಾರದ್ದಕ್ಕೆ ನನಗೆ ಅರ್ಧ ಬೇಸರ, ಅರ್ಧ ಸಮಾಧಾನ. ಸಮಾಧಾನದ ಕಾರಣವನ್ನು ಮುಂದೆ ಹೇಳುತ್ತೇನೆ.

ನನ್ನ ಪೆಟ್ಟಿಗೆಗೆ ಮೊದಲು ಬೀಳುವುದು ಅಕಿನಾ ನಕಮೋರಿಯವರ ‘ಫುಶಿಗಿ’. ‘ಸ್ಟಾರ್ ತಂಜೋ’ದಲ್ಲಿ ಎರಡು ಬಾರಿ ಸೋತು, ಮೂರನೆಯ ಬಾರಿ ಮೊಮೊಏ ಅವರದೇ ಹಾಡು ಹಾಡಿ ಗೆದ್ದವರು ಅಕಿನಾ. 1982ರಲ್ಲಿ ಮೊದಲ ಹಾಡು. 1985 ಮತ್ತು 1986, ಎರಡೂ ವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿ. ಅಷ್ಟು ಎತ್ತರದಲ್ಲಿದ್ದಾಗ, 1986ರ ಆಗಸ್ಟಿನಲ್ಲಿ, 21ರ ಹರೆಯದ ಈಕೆ ತಾನೇ ನಿರ್ಮಾಣದ ಹೊಣೆ ಹೊತ್ತು ಈ ಆಲ್ಬಂ ಹೊರತಂದರು. ಜನಪ್ರಿಯವಾಗಿದ್ದ ಒಂದು ಸಿಂಗಲನ್ನೂ ಅದರಲ್ಲಿ ಸೇರಿಸಲಿಲ್ಲ. ಅದಕ್ಕಿಂತ ದೊಡ್ಡ ಧೈರ್ಯ ಇನ್ನೊಂದು: ತನ್ನ ದನಿಯನ್ನೇ ವಾದ್ಯಗಳ ಹಿಂದಕ್ಕೆ ತಳ್ಳಿದರು.

ಕಿವಿಗೊಟ್ಟು ಕೇಳಿ. ಸಾಮಾನ್ಯವಾಗಿ ಐಡಲ್ ಹಾಡಿನಲ್ಲಿ ದನಿ ಎಲ್ಲದರ ಮುಂದೆ ಇರುತ್ತದೆ, ಹುಡುಗಿ ನಿಮ್ಮ ಕಿವಿಯ ಹತ್ತಿರವೇ ನಿಂತಂತೆ. ‘ಫುಶಿಗಿ’ಯಲ್ಲಿ ದನಿ ದಟ್ಟವಾದ ಪ್ರತಿಧ್ವನಿಯೊಳಗೆ ಮುಳುಗಿದೆ. ‘ಮ್ಯಾರಿಯೊನೆಟ್’ ಹಾಡಿನಲ್ಲಿ ಕೀಬೋರ್ಡು, ಡ್ರಮ್ಮುಗಳ ಗೋಡೆಯಾಚೆಯಿಂದ ಯಾರೋ ಕರೆದಂತೆ ಕೇಳಿಸುತ್ತದೆ. ದನಿ ಕೇಳಿಸುತ್ತಿಲ್ಲ ಎಂದು ಕೊಂಡವರು ದೂರಿದರು. ಎರಡು ವರ್ಷಗಳ ನಂತರ ಕೆಲವು ಹಾಡುಗಳನ್ನು ದನಿ ಸ್ಪಷ್ಟವಾಗುವಂತೆ ಮತ್ತೆ ಹಾಡಿ ‘ವಂಡರ್’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ್ದೂ ಆಯಿತು. ನನಗೆ ಬೇಕಾದದ್ದು ಮೊದಲಿನದ್ದೇ. ತನ್ನ ಮುಖವನ್ನೇ ಮಾರುವ ಉದ್ಯಮದ ಶಿಖರದಲ್ಲಿ ನಿಂತ ಹುಡುಗಿಯೊಬ್ಬಳು ಕೇಳುಗರಿಗೆ ತನ್ನನ್ನು ಸುಲಭವಾಗಿ ಸಿಗಗೊಡದೆ, ಮೊದಲು ಇಡೀ ಸಂಗೀತವನ್ನು ಕೇಳಿ ಎಂದಳು. ಸಾವಿರ ಸಲ ಕೇಳಿದರೂ ಈ ಆಲ್ಬಂ ಪೂರ್ತಿ ಕೈಗೆ ಸಿಗುವುದಿಲ್ಲ. ದ್ವೀಪದಲ್ಲಿ ವರ್ಷಗಟ್ಟಲೆ ಕಳೆಯಬೇಕಾದವರಿಗೆ ಇನ್ನೇನು ಬೇಕು?

ಅದರ ಪಕ್ಕದಲ್ಲೇ ಸೇಕೊ ಮತ್ಸುದಾ ಅವರ ‘ಪೈನಾಪಲ್’, 1982. ಅಕಿನಾ ಮತ್ತು ಸೇಕೊ ಅವರ ಅಭಿಮಾನಿಗಳು ಆಗ ಎರಡು ಬಣ. ನಾನು ಎರಡಕ್ಕೂ ಸೇರಿದವನು. ಇದರ ಗುಟ್ಟು ಹಾಡು ಬರೆದವರಲ್ಲಿದೆ. ಎಲ್ಲ ಹಾಡುಗಳ ಸಾಹಿತ್ಯವೂ ತಕಾಶಿ ಮತ್ಸುಮೊತೊ ಅವರದು. ಅವರು ‘ಹ್ಯಾಪಿ ಎಂಡ್’ ಎಂಬ ರಾಕ್ ಗುಂಪಿನ ಡ್ರಮ್ಮರ್ ಆಗಿದ್ದವರು. ಇಂಗ್ಲಿಷನ್ನು ಅನುಕರಿಸದೆ ಜಪಾನಿ ಭಾಷೆಯಲ್ಲೇ ರಾಕ್ ಹಾಡಬಹುದೆಂದು 70ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಗುಂಪು ಅದು. ಗುಂಪು ಒಡೆದ ಮೇಲೆ ಅದರ ಹಳೆಯ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಸೇಕೊ ಅವರ ಹಾಡುಗಳಿಗೆ ಕೈಜೋಡಿಸಿದರು. 1981ರ ‘ಕಝೆ ತಚಿನು’ ಆಲ್ಬಮ್ಮಿನ ಒಂದು ಬದಿಯನ್ನು ಎಇಚಿ ಓತಾಕಿ ಸಂಯೋಜಿಸಿದ್ದರು. ‘ಪೈನಾಪಲ್’ನಲ್ಲಿರುವ ‘ಅಕಾಯ್ ಸ್ವೀಟ್ ಪೀ’ಗೆ ರಾಗ ಹಾಕಿದ್ದು ಯುಮಿ ಮತ್ಸುತೊಯಾ. ಅವರು ಆಗಲೇ ಮನೆಮಾತಾದ ಗಾಯಕಿ, ಇಲ್ಲಿ ಮಾತ್ರ ಬೇರೊಂದು ಹೆಸರಿನಲ್ಲಿ ಬರೆದರು. ಪರಿಚಯವಾಗಿ ತಿಂಗಳುಗಳು ಕಳೆದರೂ ಮುಟ್ಟಲು ನಾಚುವ ಹುಡುಗ, ಅವನ ಜೊತೆ ಕಡಲ ತೀರಕ್ಕೆ ರೈಲಿನಲ್ಲಿ ಹೋಗಬಯಸುವ ಹುಡುಗಿ, ನಿಲ್ದಾಣ, ಹಳಿಯ ಪಕ್ಕದ ಹೂವು. ಇಷ್ಟೇ ಕಥೆ. ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಒಂದು ಇಡೀ ವಸಂತ ಕಣ್ಣಿಗೆ ಕಟ್ಟುತ್ತದೆ.

ಐಡಲ್ ತಾನೇ ಬರೆಯುವುದಿಲ್ಲ, ರಾಗ ಹಾಕುವುದಿಲ್ಲ, ಆದ್ದರಿಂದ ಅದು ಕಲೆಯಲ್ಲ ಎನ್ನುವವರಿಗೆ ನಾನು ನಮ್ಮ ಭಾವಗೀತೆಯನ್ನು ತೋರಿಸುತ್ತೇನೆ. 1978ರಲ್ಲಿ ‘ನಿತ್ಯೋತ್ಸವ’ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಕವಿ ಕೆ. ಎಸ್. ನಿಸಾರ್ ಅಹಮದ್, ರಾಗ ಮೈಸೂರು ಅನಂತಸ್ವಾಮಿ. ಮುಂಬಯಿಯ ಕನ್ನಡ ಮನೆಗಳಲ್ಲಿ ಅಂಥ ಕ್ಯಾಸೆಟ್ಟುಗಳನ್ನು ಟೇಪು ಸವೆಯುವ ತನಕ ಕೇಳಿದವರು ನಾವು. ಬರೆದವರೇ ಹಾಡಲಿಲ್ಲವಲ್ಲ ಎಂದು ಯಾರಿಗೂ ಅನಿಸಲಿಲ್ಲ. ಕವಿಯ ಮಾತು, ಸಂಯೋಜಕನ ರಾಗ, ಹಾಡುವವರ ಕಂಠ ಮೂರೂ ಕೂಡಿದಾಗ ಹಾಡು ಹುಟ್ಟಿತು. ಮತ್ಸುಮೊತೊ–ಸೇಕೊ ಜೋಡಿಯ ಕೆಲಸವನ್ನು ನಾನು ಅದೇ ಗೌರವದಿಂದ ಕೇಳುತ್ತೇನೆ.

‘ಪರ್ಫ್ಯೂಮ್’ ಗುಂಪಿನ ‘ಗೇಮ್’ ಬಗ್ಗೆ ಹೆಚ್ಚು ವಾದ ಬೇಕಾಗಿಲ್ಲ. ಹಿರೋಶಿಮಾದ ಮೂವರು ಹುಡುಗಿಯರು, ಯಸುತಾಕಾ ನಕಾತಾ ಅವರ ಎಲೆಕ್ಟ್ರಾನಿಕ್ ಸಂಗೀತ. 2008ರ ಏಪ್ರಿಲಿನಲ್ಲಿ ಬಂದು ಆ ವಾರದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಟೆಕ್ನೊ ಪಾಪ್ ಗುಂಪೊಂದು ಆ ಸ್ಥಾನ ಕಂಡದ್ದು 1983ರಲ್ಲಿ ವೈಎಂಒ ಗುಂಪಿನ ನಂತರ ಅದೇ ಮೊದಲು. ಅದರಲ್ಲಿ ‘ಪಾಲಿರಿದಂ’ ಹಾಡಿನ ನಡುಭಾಗ ನಮ್ಮ ಲಯ ಬಲ್ಲವರಿಗೆಂದೇ ಮಾಡಿದಂತಿದೆ. ತಾಳ ನಾಲ್ಕರಲ್ಲೇ ನಡೆಯುತ್ತಿರುತ್ತದೆ, ಅದರ ಮೇಲೆ ದನಿ ಐದರ ಗುಂಪಿನಲ್ಲಿ ಸುತ್ತತೊಡಗುತ್ತದೆ. ಚತುರಶ್ರದ ಮೇಲೆ ಖಂಡ. ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ; ಎರಡೂ ಮತ್ತೆ ಒಂದಾಗುವ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ. ಮೃದಂಗ ಕಲಿಯುತ್ತಿರುವ ಮಕ್ಕಳಿಗೆ ನಾನು ಈ ಹಾಡನ್ನು ಕಡ್ಡಾಯವಾಗಿ ಕೇಳಿಸುತ್ತೇನೆ.

ಮೊಮೊಇರೊ ಕ್ಲೋವರ್ ಝೆಡ್ ಗುಂಪಿನ ‘ಬ್ಯಾಟಲ್ ಅಂಡ್ ರೊಮ್ಯಾನ್ಸ್’ ಇಲ್ಲದೆ ನಾನು ಹೊರಡುವುದಿಲ್ಲ. 2011ರ ಏಪ್ರಿಲಿನಲ್ಲಿ ಆರು ಮಂದಿಯಲ್ಲಿ ಒಬ್ಬಳು ಬಿಟ್ಟುಹೋದಳು. ಉಳಿದ ಐವರು ಹೆಸರಿಗೆ ಒಂದು ಝೆಡ್ ಸೇರಿಸಿಕೊಂಡು ಜುಲೈಯಲ್ಲಿ ಈ ಆಲ್ಬಂ ತಂದರು. ಮರುವರ್ಷ ಸಿಡಿ ಅಂಗಡಿಗಳ ನೌಕರರೇ ಆರಿಸುವ ಪ್ರಶಸ್ತಿ ಇದಕ್ಕೆ ಬಂತು. ಅಂಗಡಿಯಲ್ಲಿ ದಿನವಿಡೀ ನಿಂತು ಎಲ್ಲವನ್ನೂ ಕೇಳುವವರ ತೀರ್ಪು ಅದು, ಚೀಟಿಗಾಗಿ ಕೊಂಡವರದ್ದಲ್ಲ. ಐವರದ್ದೂ ದೊಡ್ಡ ಕಂಠವೇನಲ್ಲ. ಸ್ವರ ಅಲ್ಲಲ್ಲಿ ಜಾರುತ್ತದೆ. ಆದರೂ ಐದೂ ದನಿಗಳು ಒಂದೇ ಸಾಲನ್ನು ಒಟ್ಟಿಗೆ ಎತ್ತಿದಾಗ ಎದೆ ತುಂಬುತ್ತದೆ. ನಮ್ಮ ಬೆಳಗಿನ ಲೋಕಲಿನ ಭಜನಾ ಮಂಡಳಿ ಇದ್ದ ಹಾಗೆ. ಬ್ಯಾಂಕಿನವರು, ಗಿರಣಿಯಿಂದ ನಿವೃತ್ತರಾದವರು, ಗುಮಾಸ್ತರು ತಾಳ ಹಿಡಿದು ವಿಠ್ಠಲನನ್ನು ಕೂಗುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ ಹಾಡಿಸಿದರೆ ಯಾರೂ ಗಾಯಕರಲ್ಲ, ಒಟ್ಟಿಗೆ ಹಾಡಿದರೆ ಇಡೀ ಡಬ್ಬಿ ತಲೆದೂಗುತ್ತದೆ. ಜಪಾನಿನ ಐಡಲ್ ಗುಂಪುಗಳು ಪಾಶ್ಚಾತ್ಯರಂತೆ ಸ್ವರಗಳನ್ನು ಹಂಚಿಕೊಂಡು ಹಾಡುವುದಕ್ಕಿಂತ ಒಂದೇ ಸ್ವರದಲ್ಲಿ ಕೂಡಿ ಹಾಡುವುದೇ ಹೆಚ್ಚು. ಅದನ್ನು ಕುಂದೆಂದು ಎಣಿಸುವವರಿದ್ದಾರೆ. ನನಗೆ ಅದೇ ಪ್ರಾಣ.

ಇನ್ನೊಂದು ಆಲ್ಬಮ್ಮಿನ ಬಗ್ಗೆ ತುಸು ಹೆಚ್ಚು ಹೇಳಬೇಕು, ಇದನ್ನು ಕೇಳಿದವರು ಇಲ್ಲಿ ಕಡಿಮೆ. ಜಪಾನಿನ ಪಶ್ಚಿಮ ಕರಾವಳಿಯ ನೀಗಾತಾ ಅಕ್ಕಿಗೂ ಹಿಮಕ್ಕೂ ಹೆಸರಾದ ಪ್ರಾಂತ್ಯ. 2003ರಲ್ಲಿ ಅಲ್ಲಿಯ ರೈತರ ಸಹಕಾರಿ ಸಂಸ್ಥೆ ತಮ್ಮ ‘ಯವಹದಾ ನೆಗಿ’ ಎಂಬ ತಳಿಯ ಪ್ರಚಾರಕ್ಕೆ ಒಂದು ಹುಡುಗಿಯರ ಗುಂಪು ಕಟ್ಟಿತು. ನೆಗಿ ಎಂದರೆ ಈರುಳ್ಳಿ ಜಾತಿಯ, ಉದ್ದ ಬಿಳಿ ದಂಟಿನ ತರಕಾರಿ. ಗುಂಪಿನ ಹೆಸರು ‘ನೆಗಿಕ್ಕೊ’. ಸ್ವಲ್ಪ ದಿನದ ಪ್ರಚಾರ ಮುಗಿದ ಕೂಡಲೇ ಮುಚ್ಚಬೇಕಾಗಿದ್ದ ಗುಂಪು ಅದು. ಮುಚ್ಚಲಿಲ್ಲ. ಟೋಕಿಯೊಗೆ ಮನೆ ಬದಲಿಸಲಿಲ್ಲ. ಊರ ಹಬ್ಬ, ಅಂಗಡಿ ಬಾಗಿಲು ಎಲ್ಲಿ ಕರೆದರೂ ಹಾಡುತ್ತ, ನೆಗಿ ದಂಟಿನ ಗೊಂಬೆ ಕೈಯಲ್ಲಿ ಹಿಡಿದು ಕುಣಿಯುತ್ತ ಮೂವರು ವರ್ಷಗಟ್ಟಲೆ ಹೆಸರಿಲ್ಲದೆ ದುಡಿದರು. ಹತ್ತು ವರ್ಷದ ಮೇಲೆ, 2013ರಲ್ಲಿ, ಟವರ್ ರೆಕಾರ್ಡ್ಸ್ ಅಂಗಡಿಯವರ ಟಿ-ಪ್ಯಾಲೆಟ್ ಲೇಬಲ್ಲಿನಲ್ಲಿ ‘ಮೆಲೊಡಿ ಪ್ಯಾಲೆಟ್’ ಬಂತು. ಹೆಚ್ಚಿನ ಹಾಡುಗಳು ಮೊದಲಿನಿಂದಲೂ ಅವರ ಜೊತೆಗಿದ್ದ ಕಾನಿ ಎಂಬ ಸಂಯೋಜಕರವು; ಒಂದು ಹಾಡು ‘ಪಿಜ್ಜಿಕಾಟೊ ಫೈವ್’ ಗುಂಪಿನ ಖ್ಯಾತಿಯ ಯಸುಹರು ಕೊನಿಶಿ ಅವರದು. ಆ ಹಾಡಿನ ಹುಡುಗಿ ಹುಡುಗನಿಗೆ ಹೇಳುವುದೇ, ಬರೀ ಐಡಲ್ ಹಾಡು ಕೇಳುತ್ತ ಕೂರಬೇಡ, ನನ್ನ ಕಡೆಗೂ ನೋಡು ಎಂದು. ಆಲ್ಬಮ್ಮಿನಲ್ಲಿ ಗದ್ದಲವಿಲ್ಲ, ಅವಸರವಿಲ್ಲ. ಎಷ್ಟು ಸಲ ಕೇಳಿದರೂ ಬೇಸರ ತರದ, ಹದವಾದ ಪಾಪ್.

ಮುಂಬಯಿಗೆ ಎಂಯುಎಂ48 ಬಾರದ್ದಕ್ಕೆ ಅರ್ಧ ಸಮಾಧಾನ ಎಂದೆನಲ್ಲ, ಅದು ನೆಗಿಕ್ಕೊ ಕಾರಣದಿಂದ. ಮಹಾನಗರಗಳ ಗುಂಪುಗಳು ಹುಡುಗಿಯರಿಂದ ಕೇಳುವ ಬೆಲೆ ದೊಡ್ಡದು. ಪ್ರೇಮ ಕೂಡದು ಎಂಬ ಕಟ್ಟಳೆ ಮುರಿದಳೆಂಬ ಪತ್ರಿಕಾ ಸುದ್ದಿಗೆ ಬೆದರಿ 2013ರಲ್ಲಿ ಎಕೆಬಿ48ರ ಮಿನಾಮಿ ಮಿನೆಗಿಶಿ ತಲೆ ಬೋಳಿಸಿಕೊಂಡು, ಅಳುತ್ತ ಕ್ಷಮೆ ಕೇಳಿದ ವಿಡಿಯೊ ಲೋಕವೆಲ್ಲ ನೋಡಿತು. ನೋಡಿ ನನ್ನ ಹೊಟ್ಟೆ ಉರಿಯಿತು. ಇಪ್ಪತ್ತರ ಹುಡುಗಿ ಒಬ್ಬನನ್ನು ಇಷ್ಟಪಟ್ಟದ್ದಕ್ಕೆ ಯಾರ ಕ್ಷಮೆಯೂ ಬೇಕಾಗಿಲ್ಲ. ನೆಗಿಕ್ಕೊ ಗುಂಪಿನ ಮೂವರೂ ಮದುವೆಯಾದರು, ಗುಂಪು ಮುಂದುವರಿಯಿತು, ಅಭಿಮಾನಿಗಳು ಸಂತೋಷಪಟ್ಟರು. ಹಾಗೂ ಮಾಡಬಹುದು. ಟಿಟ್ವಾಳಾ, ಖಡವಲಿ, ವಾಸಿಂದ್ ಕಡೆಯ ಹೆಂಗಸರು ಸೊಪ್ಪು ತರಕಾರಿಯ ಬುಟ್ಟಿ ಹೊತ್ತು ಬೆಳಗಿನ ಗಾಡಿ ಹತ್ತುವುದನ್ನು ನೋಡುವಾಗ, ನಮ್ಮ ಕಡೆಯ ಹುಡುಗಿಯರು ಹಾಡುವುದಾದರೆ ನೀಗಾತಾದ ದಾರಿ ಹಿಡಿಯಲಿ ಎಂದು ಆಸೆಯಾಗುತ್ತದೆ: ತಮ್ಮ ಊರಿನಲ್ಲೇ ಇದ್ದು, ತಮ್ಮ ಮಣ್ಣಿನ ಬೆಳೆಯ ಹೆಸರು ಹೇಳಿ, ತಮ್ಮ ಬದುಕನ್ನು ಯಾರಿಗೂ ಒತ್ತೆಯಿಡದೆ.

ಹಾಗಾದರೆ ಎಕೆಬಿ48ರ ಒಂದು ಆಲ್ಬಮ್ಮೂ ಬೇಡವೇ ಎಂದು ಕೇಳುವವರಿದ್ದಾರೆ. ಅವರ ಸಿಂಗಲುಗಳು ಚೆನ್ನಾಗಿವೆ, ‘ಫಾರ್ಚೂನ್ ಕುಕೀ’ ಬಂದರೆ ನನ್ನ ಕಾಲೂ ಸುಮ್ಮನಿರುವುದಿಲ್ಲ. ಆಲ್ಬಮ್ಮಿಗೆ ಬಂದಾಗ ಅವು ಸಿಂಗಲುಗಳ ಮೂಟೆಯಾಗಿಬಿಡುತ್ತವೆ. ಮಾರ್ನಿಂಗ್ ಮುಸುಮೆ ಗುಂಪಿನ ಮೊದಲ ಆಲ್ಬಂ ‘ಫಸ್ಟ್ ಟೈಮ್’, 1998, ಕೊನೆಯ ಗಳಿಗೆಯ ತನಕ ಕೈಯಲ್ಲಿತ್ತು. ಐದು ದಿನದಲ್ಲಿ 50,000 ಪ್ರತಿ ಮಾರಿದರೆ ಮಾತ್ರ ಮುಂದಿನ ಅವಕಾಶ ಎಂಬ ಷರತ್ತನ್ನು ಗೆದ್ದು ಬಂದ ಹುಡುಗಿಯರು ಅವರು. ಜಾಗವಿದ್ದರೆ ಅದೂ ಬರಲಿ. ಬೇಬಿಮೆಟಲ್ ಗುಂಪಿನ ಅಭಿಮಾನಿಗಳು ನನ್ನ ಮೇಲೆ ಮುನಿಸಿಕೊಳ್ಳುವುದು ಖಂಡಿತ. ಆ ಗುಂಪಿನ 2019ರ ‘ಮೆಟಲ್ ಗ್ಯಾಲಕ್ಸಿ’ ಆಲ್ಬಮ್ಮಿನಲ್ಲಿ ‘ಶಾಂತಿ ಶಾಂತಿ ಶಾಂತಿ’ ಎಂಬ ಹಾಡೇ ಇದೆ, ಈಚೆಗೆ ದಿಲ್ಲಿಯ ಬ್ಲಡಿವುಡ್ ಗುಂಪಿನ ಜೊತೆಗೂ ಹಾಡಿದ್ದಾರೆ. ಆದರೆ ಅವರನ್ನು ಕೇಳಬೇಕಾದದ್ದು ಸಾವಿರ ಜನರ ನಡುವೆ ನಿಂತು; ಒಂಟಿ ದ್ವೀಪದಲ್ಲಿ ಅವರ ಅರ್ಧ ಶಕ್ತಿ ಸೋರಿಹೋಗುತ್ತದೆ.

ಹೊಸದಾಗಿ ಕೇಳುವವರು ‘ಪೈನಾಪಲ್’ನಿಂದ ಶುರುಮಾಡಿ, ‘ಫುಶಿಗಿ’ಯನ್ನು ಕೊನೆಗಿಡಿ. ಮೊದಲೇ ಅದನ್ನು ಕೇಳಿದರೆ ಹೆಡ್‌ಫೋನು ಕೆಟ್ಟಿದೆಯೇನೋ ಎಂದು ಅನುಮಾನ ಬರಬಹುದು. ಹುಡುಗರ ಗುಂಪುಗಳು ಪಟ್ಟಿಯಲ್ಲಿ ಯಾಕಿಲ್ಲ ಎಂದು ವಾಶಿಯಿಂದ ಬರೆದ ಓದುಗರಿಗೆ: ಸ್ಮ್ಯಾಪ್, ಅರಾಶಿ ಗುಂಪುಗಳ ಒಳ್ಳೆಯ ಹಾಡುಗಳು ನನಗೂ ಇಷ್ಟ. ಆದರೆ ಅವರನ್ನು ಬೆಳೆಸಿದ ಸಂಸ್ಥೆಯ ಸ್ಥಾಪಕ ಜಾನಿ ಕಿತಗಾವಾ ಹುಡುಗರ ಮೇಲೆ ದಶಕಗಟ್ಟಲೆ ನಡೆಸಿದ ದೌರ್ಜನ್ಯವನ್ನು ಆ ಸಂಸ್ಥೆಯೇ 2023ರಲ್ಲಿ ಒಪ್ಪಿಕೊಂಡಿತು. ಆ ಹಾಡುಗಳನ್ನು ಈಗ ಹೇಗೆ ಕೇಳಬೇಕೆಂಬುದು ಎರಡು ಸಾಲಿನಲ್ಲಿ ಮುಗಿಸುವ ಮಾತಲ್ಲ. ಮುಂದಿನ ವಾರದ ಅಂಕಣವನ್ನು ಅದಕ್ಕೇ ಇಟ್ಟಿದ್ದೇನೆ.